ಜಟ್ಟಪ್ಪ ಮಾವನ ಬ್ರೌಸರ್

ಇದು ವಿನೋಬನಗರದ ನಮ್ಮ ರಕ್ಷಾಳಿಗೆ ಆದದ್ದು. ಒಂದು ಮಧ್ಯಾಹ್ನ ಭದ್ರಾವತಿ ನ್ಯೂ ಟೌನಿನಿಂದ ಸಣ್ಣಮ್ಮತ್ತೆ ಫೋನ್ ಮಾಡಿ, "ಅಪ್ಡೇಟ್ ಆದಾಗಿಂದ ಬ್ರೌಸರ್ ತೆಗೆದ್ರೆ ತಾನೇ ಮುಚ್ಕೊಳ್ಳುತ್ತೆ, ಸ್ವಲ್ಪ ನೋಡೇ ಮಾರಾಯ್ತಿ" ಅಂದರು. ಅದು ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದ ಅತ್ತೆಯ ಗಂಡ ಜಟ್ಟಪ್ಪ ಮಾವನ ಕಂಪ್ಯೂಟರು.

ರಕ್ಷಾ ಆಫೀಸಿನಲ್ಲೇ ಕೂತು, ಇಂಟರ್ನೆಟ್ಟಿನಲ್ಲಿ ಅತ್ತೆಯ ಪರದೆಯನ್ನು ತನ್ನ ಪರದೆಗೆ ತಂದುಕೊಂಡಳು. ಏನು ಮಾಡಿದರೂ ಸರಿಹೋಗಲಿಲ್ಲ. ಬ್ರೌಸರಿನಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದೊಂದೇ ಉಳಿದಿತ್ತು. 'ಅಳಿಸಲೇ?' ಎಂದು ಪರದೆ ಕೇಳಿತು. 'ಸರಿ' ಒತ್ತಲು ಹೋದರೆ, ಮೌಸಿನ ಬಾಣ ಅವಳ ಕೈ ತಪ್ಪಿಸಿಕೊಂಡು, ನಡುಗುತ್ತಾ, 'ಬೇಡ' ಎಂಬುದರ ಮೇಲೆ ಹೋಗಿ ನಿಂತಿತು. ಎಳೆದು ತಂದರೆ ಮತ್ತೆ ಅಲ್ಲಿಗೇ.

"ಅತ್ತೆ, ಮೌಸ್ ಬಿಡಿ," ಎಂದಳು ಫೋನಿನಲ್ಲಿ.

"ನಾನು ಹಿತ್ತಲಲ್ಲಿ ಬಟ್ಟೆ ಹರವ್ತಿದೀನಿ ಕಣೇ. ಒಳಗೆ ಯಾರಿದಾರೆ?"

ರಕ್ಷಾಳ ಅಂಗೈಯೊಳಗಿನ ಮೌಸ್ ತಣ್ಣಗೆ ಕೊರೆಯತೊಡಗಿತು. ಕೆಲಸದ ಗಡಿಬಿಡಿ ಬೇರೆ. ರೇಗಿಹೋಗಿ 'ಸರಿ' ಎನ್ನಲು ಕೀಬೋರ್ಡಿನಲ್ಲಿ ಎಂಟರ್ ಒತ್ತಿಬಿಟ್ಟಳು. ಬ್ರೌಸರ್ ತೆರೆದುಕೊಂಡಿತು, ಬಿಳಿ ಹಾಳೆಯಂತೆ.

ಅತ್ತೆ ಒಳಗೆ ಬಂದು ಪರದೆ ನೋಡಿದರು. "ನಿಮ್ಮಾವ ಓದ್ತಾ ಬಿಟ್ಟಿದ್ದ ಪುಟಗಳೆಲ್ಲ ಹಾಗೇ ತೆರೆದಿದ್ವಲ್ಲೇ. ಅಪ್ಡೇಟ್ ಆಗೋವರೆಗೂ ದಿನಾ ನೋಡ್ತಿದ್ದೆ. ಎಲ್ಲಿ ಹೋದ್ವು?"

ರಕ್ಷಾ ಎಷ್ಟು ಹುಡುಕಿದರೂ ಅವು ಸಿಗಲಿಲ್ಲ. ಕೊನೆಕೊನೆಗೆ ಮಾವನ ಕೈ ನಡುಗುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ.

ಈಗಲೂ ಆಗಾಗ ಏನೋ ನೆಪ ಹೇಳಿ ಆ ಪರದೆಯನ್ನು ತೆರೆದುಕೊಂಡು, ಮೌಸಿನಿಂದ ಕೈ ತೆಗೆದು ಕಾಯುತ್ತಾಳೆ. ಬಾಣ ಇಟ್ಟಲ್ಲಿಂದ ಅಲುಗುವುದಿಲ್ಲ.