ಹವಳಕಟ್ಟೆಯ ದೀಪ

ಗೋಡೆಯ ಮೇಲೆ ಕಂಬಳಿ ಇರಲಿಲ್ಲ. ಗಂಜಿ ತೊಟ್ಟಿಕ್ಕಿದ ಕಲೆ ಮಾತ್ರ ಉಳಿದಿತ್ತು.

"ಊರೇ ಹೋಯ್ತು ಮೇಷ್ಟ್ರೇ! ಇಡೀ ಪಟ್ಣಾನೇ ಹೋಯ್ತು!" ಎನ್ನುತ್ತ ಚಿತ್ರಲಿಂಗಪ್ಪ ಅಂಗಳದಲ್ಲೇ ಕುಸಿದು ಕುಳಿತ.

ಕಂಬಳಿ ನೇಯುವ ಚಿತ್ರಲಿಂಗಪ್ಪ ಭರಮಸಾಗರದ ಕೆರೆಗಿಂತ ದೊಡ್ಡ ನೀರನ್ನು ಕಂಡವನಲ್ಲ. ಆದರೂ ಅವನದೊಂದು ಬಂದರು ಪಟ್ಟಣವಿತ್ತು. ಹೆಸರು ಹವಳಕಟ್ಟೆ. ಕರಿ ಕಂಬಳಿಯ ಮೇಲೆ ಬಿಳಿ ಉಣ್ಣೆಯ ನೂಲಿನಲ್ಲಿ ಅದರ ಬೀದಿ, ಸುಂಕದಕಟ್ಟೆ, ಹಡಗುಗಳನ್ನೆಲ್ಲ ಹೊಲಿಯುತ್ತ ಬಂದಿದ್ದ. ಸಂಜೆ ಬೀರಪ್ಪನ ಗುಡಿಯ ಜಗಲಿಯಲ್ಲಿ ಕುಳಿತು ಅದರ ಚರಿತ್ರೆ ಹೇಳುತ್ತಿದ್ದ. ಉಪ್ಪು ನೆಕ್ಕಲು ಹೋದ ಕುರಿಗಳ ಬೆನ್ನುಹತ್ತಿದ ಕುರಿಗಾರರು ಕಟ್ಟಿದ ಪಟ್ಟಣವಂತೆ ಅದು. ನಮಗೆ ಸ್ವಾತಂತ್ರ್ಯ ಬಂದ ವರ್ಷ ಅಲ್ಲಿಯವರೂ ರಾಜನನ್ನು ಗದ್ದುಗೆಯಿಂದ ಇಳಿಸಿ, ದೋಣಿ ನಡೆಸುವ ಕೆಲಸ ಕೊಟ್ಟರಂತೆ. ಚೆನ್ನಾಗಿಯೇ ನಡೆಸಿದನಂತೆ. ಇನ್ನೊಂದು ಕಟ್ಟಳೆಯೂ ಇತ್ತು — ಬಂದರಿನ ದೀಪಸ್ತಂಭದ ದೀಪವನ್ನು ಗಂಡ ಸತ್ತ ಹೆಂಗಸರೇ ಹಚ್ಚಬೇಕು.

ಇಪ್ಪತ್ತನಾಲ್ಕು ವರ್ಷದ ಹೊಲಿಗೆ. ಈಗ ಕಣ್ಣಿಗೆ ಪೊರೆ ಬಂದಿತ್ತು. ತನ್ನ ನಂತರ ಅದನ್ನು ಕಾಯುವವರಿಲ್ಲವೆಂದು, ಸೋಮವಾರ ಬೆಳಿಗ್ಗೆ ಬೀರಪ್ಪನ ಗದ್ದುಗೆಗೆ ಹಾಸುವುದಾಗಿ ಶನಿವಾರ ಸಂಜೆ ಜಗಲಿಯಲ್ಲಿ ಹೇಳಿದ್ದ. ಇಂದು ಭಾನುವಾರ. ಕಳೆದರೆ ಮತ್ತೆ ಹೊಲಿಯಲು ಕಣ್ಣಿಲ್ಲ.

ನಾನು ಪಾಲಯ್ಯನನ್ನು ಕರೆತಂದೆ. ಪೊಲೀಸಿನಲ್ಲಿ ದಫೇದಾರನಾಗಿ ನಿವೃತ್ತನಾದವನು, ಮಾತು ಕಡಿಮೆ.

"ಯಾವಾಗ ಹಾಕಿದ್ದೆ?"

"ಬೆಳಿಗ್ಗೆ. ಕಂಬಳಿ ಬಿರುಸಾಗ್ಲಿ ಅಂತ ಹುಣಸೆಬೀಜದ ಗಂಜಿ ಬಳಿದು ಗೋಡೆ ಮ್ಯಾಲೆ ಹರವಿದ್ದೆ. ಮಧ್ಯಾಹ್ನಕ್ಕೆ ಒಣಗಿತ್ತು. ಕೆರೆಗೆ ಹೋಗಿ ಮಿಂದು ಬರೋದ್ರಾಗೆ ಮಾಯ!"

"ಒಣಗಿದ ಮ್ಯಾಲೆ ನೋಡಿದ್ಯಾ?"

"ಏನು ನೋಡ್ಲಿ ದಫೇದಾರ್ರೇ? ನೂಲೆಲ್ಲ ಗಂಜಿ ಕುಡಿದು ಮಂಕಾಗಿತ್ತು. ಬೀದಿ, ಹಡಗು ಒಂದೂ ಕಾಣ್ಲಿಲ್ಲ. ಸ್ತಂಭದ ದೀಪ ಒಂದು ಕಾಣ್ತು. ಹೊಳೀತಿತ್ತು."

"ಬೇರೆ ಏನಾದ್ರೂ ಹೋಗೈತಾ?"

"ಗೂಡಿನಾಗಿಟ್ಟಿದ್ದ ಕಂಬಳಿ ಹೊಲಿಯೋ ದಬ್ಬಳ ಸಿಗ್ತಿಲ್ಲ."

"ದಬ್ಬಳ ಎಲ್ಲೋ ಬಿದ್ದಿರುತ್ತೆ ಬಿಡಪ್ಪ," ಎಂದೆ ನಾನು. ಪಾಲಯ್ಯ ನನ್ನನ್ನೊಮ್ಮೆ ನೋಡಿ ನಸ್ಯ ಏರಿಸಿದ.

ಮೊದಲು ಚಿತ್ರಲಿಂಗಪ್ಪನ ತಮ್ಮ ಮುನಿಯಪ್ಪನ ಮನೆ. ಹವಳಕಟ್ಟೆಯ ಹೆಸರೆತ್ತಿದರೆ ಉರಿದುಬೀಳುವವನು.

"ನಾನ್ಯಾಕೆ ಕದೀಲಿ? ನಮ್ಮಣ್ಣ ಇಲ್ಲದ ಊರಿಗೆ ಪಟೇಲ! ಇರೋ ಹೊಲದ ಬದು ಹಾಕು ಅಂದ್ರೆ ಸಮುದ್ರದ ಬದು ಹಾಕ್ತಾನೆ."

"ಕಂಬಳಿ ಸಿಕ್ಕಿದ್ರೆ ಏನು ಮಾಡ್ತಿದ್ದೆ?"

"ಮೆಣಸಿನಕಾಯಿ ಒಣಗಿಸ್ತಿದ್ದೆ!" ಎಂದವನು ಆಮೇಲೆ ದನಿ ತಗ್ಗಿಸಿದ — "ಅಣ್ಣ ಉಂಡನಾ?"

ಭರಮಸಾಗರದ ಬಟ್ಟೆ ಅಂಗಡಿಯ ಪರಮೇಶ್ವರಪ್ಪನ ಗಾಡಿ ಮಧ್ಯಾಹ್ನ ಊರೊಳಗೆ ಬಂದಿತ್ತು. ಆ ಕಂಬಳಿಯನ್ನು ಕೊಡೆಂದು ಮೂರು ಸಲ ಕೇಳಿದವನು. ನನಗೆ ಅನುಮಾನವೇ ಉಳಿಯಲಿಲ್ಲ.

"ಕೇಳಿದ್ದು ಹೌದ್ರಿ," ಎಂದ ಅವನು. "ಅಂಗಡಿಯಾಗೆ ನೇತುಹಾಕಾಣ ಅಂತಿತ್ತು. ದೇವ್ರಿಗೆ ಅಂದ ಮ್ಯಾಲೆ ಕೈ ಚಾಚ್ತೀನಾ? ಕೊರಳಾಗೆ ಲಿಂಗ ಐತ್ರಿ ಮೇಷ್ಟ್ರೇ. ಗಾಡಿ ನೋಡ್ಕಳ್ರಿ ಬೇಕಾದ್ರೆ."

ಗಾಡಿಯಲ್ಲಿ ಹುಲ್ಲಿತ್ತು, ಅಷ್ಟೆ.

ಹಿಂದಿರುಗುವಾಗ ಪಾಲಯ್ಯ ಕೇಳಿದ — "ಕಂಬಳಿ ಕದಿಯೋನಿಗೆ ದಬ್ಬಳ ಯಾಕೆ ಬೇಕು?"



ಚಿತ್ರಲಿಂಗಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಆ ದೀಪದ ನೂಲು ಕೊಟ್ಟೋರು ಯಾರಪ್ಪ?" ಎಂದ ಪಾಲಯ್ಯ.

"ಇನ್ಯಾರು? ಕಾಳಕ್ಕ. ನಮ್ಮ ಮನೆ ನೂಲೆಲ್ಲ ಅವಳೇ ತೆಗೆಯೋದು. ಇದು ಎಳೇ ಮರಿ ಉಣ್ಣೆ, ದೀಪಕ್ಕೇ ಹಾಕಣ್ಣ ಅಂದಿದ್ಲು."

"ಬಾ, ಹೋಗಾಣ."

ಕಾಳಕ್ಕ ಎದುರು ಮನೆಯವಳು. ಇಪ್ಪತ್ತರ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಈಗ ಅರವತ್ತರ ಹತ್ತಿರ. ರಾಟೆಯ ಪಕ್ಕ ಸುಮ್ಮನೆ ಕುಳಿತಿದ್ದಳು. ನಮ್ಮನ್ನು ಕಂಡವಳೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಕಾಳಕ್ಕ, ಕಿತ್ತಾಯ್ತಾ?" ಎಂದು ಪಾಲಯ್ಯ ಮೆಲ್ಲಗೆ ಕೇಳಿದ.

ಅವಳು ತಟ್ಟನೆ ಎದ್ದಳು. ಮಡಿಲಿನಿಂದ ದಬ್ಬಳ ನೆಲಕ್ಕೆ ಬಿತ್ತು.

"ಏನು ಕೀಳೋದು?" ಎಂದ ಚಿತ್ರಲಿಂಗಪ್ಪ. "ಏನ್ ಇದೆಲ್ಲ?"

"ಉಣ್ಣೆ ಯಾವುದಾದ್ರೂ ಗಂಜಿ ಕುಡೀತೈತೆ ಚಿತ್ರಲಿಂಗಪ್ಪ. ಎಳೇ ಮರೀದಾದ್ರೂ ಅಷ್ಟೆ, ಕುಡಿದ್ರೆ ಮಂಕಾಗ್ತೈತೆ. ನೀನೇ ಹೇಳ್ದೆ — ಎಲ್ಲ ಮಂಕಾದ್ರೂ ದೀಪ ಹೊಳೀತಿತ್ತು ಅಂತ. ಗಂಜಿ ಕುಡೀದೆ ಇರೋ ಬಿಳೀ ಎಳೆ ಯಾವುದು? ಮನುಷ್ಯರ ಕೂದ್ಲು. ಮಾರೋಕೆ ಒಯ್ಯೋನಿಗೆ ದಬ್ಬಳ ಬೇಡ. ಹಾಳು ಮಾಡೋನಿಗೆ ಕತ್ತರಿ ಸಾಕು. ಒಂದೇ ಒಂದು ಹೊಲಿಗೆ ಬಿಚ್ಚೋರಿಗೇ ದಬ್ಬಳ ಬೇಕು."

ಕಾಳಕ್ಕ ಉಣ್ಣೆಯ ಮೂಟೆಯ ಹಿಂದಿನಿಂದ ಕಂಬಳಿ ತೆಗೆದು ನೆಲದ ಮೇಲೆ ಹಾಸಿದಳು. ಹವಳಕಟ್ಟೆ ಮಸುಕು ಬೀದಿಗಳೊಡನೆ ಮಲಗಿತ್ತು. ಸ್ತಂಭದ ತುದಿಯಲ್ಲಿ ಮಾತ್ರ ಬೆರಳುಗುರಿನಷ್ಟು ಬೆಳಕು.

"ನಮ್ಮತ್ತಿಗೆಯ ಮಗಳ ಮದ್ವೆಯಾಗೆ ಆರತಿ ತಟ್ಟೆ ನನ್ನ ಕೈಯಿಂದ ಕಿತ್ಕಂಡ್ರು," ಎಂದಳು ಕಾಳಕ್ಕ, ನೆಲ ನೋಡುತ್ತ. "ಅವತ್ತು ಸಂಜೇನೇ ಈ ಅಣ್ಣ ಜಗಲಿ ಮ್ಯಾಲೆ ಆ ಕಟ್ಟಳೆ ಹೇಳಿದ್ದು. ಅಲ್ಲಾದ್ರೂ ನಾನೊಂದು ದೀಪ ಹಚ್ಚಾಣ ಅಂತ ನನ್ನ ನರೆತ ಕೂದ್ಲು ಸೇರಿಸಿ ನೂತೆ. ಮನೇಲಿರೋ ಕಂಬಳಿ ಅಲ್ವಾ ಅಂದ್ಕಂಡೆ. ನಿನ್ನೆ ಸಂಜೆ ನೋಡಿದ್ರೆ ದೇವ್ರಿಗೆ ಅಂದ! ಗದ್ದುಗೆ ಮ್ಯಾಲೆ ಕೂದ್ಲು, ಅದೂ ನನ್ನಂಥೋಳ್ದು... ಪಾಪ ಅಣ್ಣನ ತಲೆ ಮ್ಯಾಲೆ ಬರ್ತಿತ್ತು."

"ಒಂದು ಮಾತು ಹೇಳಬಹುದಿತ್ತಲ್ಲವ್ವಾ?" ಎಂದೆ ನಾನು.

"ಮೈಲಿಗೆ ಅಂತ ಸುಟ್ಟುಬಿಟ್ರೆ? ಕಿತ್ತು, ಕತ್ಲಾಗೋದ್ರಾಗೆ ಗೋಡೆ ಮ್ಯಾಲೆ ಹಾಕಿಬಿಡಾಣ ಅಂತ ತಂದೆ." ಅವಳು ಕಣ್ಣೊರೆಸಿಕೊಂಡಳು. "ಆಗಿಂದ ದಬ್ಬಳ ಹಿಡ್ಕಂಡೇ ಕುಂತೀನಿ. ಕೈ ಬರ್ಲಿಲ್ಲ."

ಚಿತ್ರಲಿಂಗಪ್ಪ ತಡವರಿಸಿ ಮುಂದೆ ಬಂದು ಮಂಡಿಯೂರಿದ. ಅವನ ಬೆರಳು ಯಾವ ಬೀದಿಯನ್ನೂ ಹುಡುಕದೆ ನೆಟ್ಟಗೆ ದೀಪದ ಮೇಲೆ ಹೋಗಿ ನಿಂತಿತು.

"ಮೇಷ್ಟ್ರೇ, ನಮ್ಮ ಮಗ್ಗದ ಹತ್ರ ಗೆರೆ ಇಲ್ಲದ ಹೊಸ ಕರಿ ಕಂಬಳಿ ಐತೆ. ನಾಳೆ ಅದನ್ನ ಗದ್ದುಗೆಗೆ ಹಾಸ್ರಿ. ಬೀರಪ್ಪನೂ ಕುರಿ ಕಾದೋನೇ. ಕರಿ ಕಂಬಳಿ ಸಾಕು ಅವನಿಗೆ."

"ಹಂಗಾದ್ರೆ ಇದು?" ಎಂದೆ.

"ಇದು ಇಲ್ಲೇ ಇರ್ಲಿ, ದೀಪ ಹಚ್ಚಿದೋಳ ಮನೆಯಾಗೆ." ಅವನು ನೆಲ ತಡವಿ ದಬ್ಬಳ ಹುಡುಕಿ ತನ್ನ ಪೇಟಕ್ಕೆ ಸಿಕ್ಕಿಸಿಕೊಂಡ. "ಕೀಳಬ್ಯಾಡ ಕಣವ್ವ ಕಾಳಕ್ಕ. ಆ ಪಟ್ಣದಾಗೆ ಈಗ ನನ್ ಕಣ್ಣಿಗೆ ಕಾಣೋದು ಅದೊಂದೇ."