ಕೈಗವಸಿನ ಬಣ್ಣ

ಅದನ್ನು ದೆವ್ವ ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಪಕಾರ ಮಾಡಿದವರನ್ನು ಹಾಗೆಲ್ಲ ಕರೆಯಬಾರದು.

ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿ ಕಟ್ಟುವುದು ನನ್ನ ಹುಚ್ಚು. ಅಂದು ಮಧ್ಯಾಹ್ನ, ಒಂದರ ಮೇಲೊಂದು ಎರಡು ರೆಕ್ಕೆಗಳಿದ್ದ ವಿಮಾನಕ್ಕೆ ಹಸಿರು ಬಣ್ಣ ಸಿಂಪಡಿಸಿದ್ದೆ. ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಫ್ಯಾನನ್ನೂ ಆರಿಸಿದ್ದೆ. ಆಮೇಲೆ ಹೆಬ್ಬೆರಳಿನ ಉಗುರಿನಷ್ಟಿದ್ದ ಪೈಲಟ್ ಗೊಂಬೆಯ ಕೈಗವಸಿಗೆ ಕಂದು ಬಣ್ಣ ಹಚ್ಚಿ ಒಣಗಲು ನಿಲ್ಲಿಸಿದೆ. ಥಿನ್ನರ್ ವಾಸನೆಗೆ ತಲೆ ಗಿರ್ರೆಂದಿತು. ಏಳಲು ಹೋದರೆ ಕಾಲು ಮಾತು ಕೇಳಲಿಲ್ಲ. ಮೇಜಿನ ಮೇಲೆ ತಲೆಯಿಟ್ಟದ್ದಷ್ಟೇ ನೆನಪು.

ಮುಖಕ್ಕೆ ತಣ್ಣನೆಯ ಗಾಳಿ ರಪ್ಪೆಂದು ಹೊಡೆದಾಗ ಎಚ್ಚರವಾಯಿತು. ಕೋಣೆಯ ತುಂಬ ಸುಟ್ಟ ಹರಳೆಣ್ಣೆಯ ವಾಸನೆ. ಆ ಕಾಲದ ವಿಮಾನಗಳ ಎಂಜಿನ್ನಿಗೆ ಹಾಕುತ್ತಿದ್ದುದು ಅದೇ ಎಣ್ಣೆ. ಮೋಟಾರಿನ ಸದ್ದೊಂದು ದೂರವಾಗುತ್ತಿತ್ತು. ಕಿಟಕಿ ಪೂರ್ತಿ ತೆರೆದಿತ್ತು. ಹೊರಗೆ ಉರಿಬಿಸಿಲು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಾಗಿಲು ತಳ್ಳಿಕೊಂಡು ಬಂದಳು. "ಸದ್ಯ, ಕಿಟಕಿನಾದ್ರೂ ತೆಗೆದಿದ್ರಲ್ಲ. ಇಲ್ದಿದ್ರೆ ಈ ವಾಸನೇಲಿ ನಿಮ್ಮ ಕಥೆ ಮುಗೀತಿತ್ತು."

"ನೀನು ತೆಗೆದಿದ್ದಲ್ವಾ?"

"ನಾನು ಈಗ ತಾನೇ ಹೊರಗಿಂದ ಬರ್ತಿದೀನಿ ಕಣ್ರೀ."

ಕಿಟಕಿಯ ಚಿಲಕದ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಎರಡು ಕಂದು ಚುಕ್ಕಿಗಳಿದ್ದವು. ಗೊಂಬೆಯ ಬೆರಳುಗಳಲ್ಲಿ ಬಣ್ಣ ಉಜ್ಜಿಹೋಗಿತ್ತು.

ವಿಮಾನ ಮುಗಿಸಿ, ಅವನನ್ನು ಅದರಲ್ಲಿ ಕೂರಿಸಿ, ಕೈಮುಗಿದೆ. ಆ ಕೈಗವಸಿಗೆ ಮತ್ತೆ ಬಣ್ಣ ಹಚ್ಚಲಿಲ್ಲ. ಮನೆಯ ಮೂಲೆಮೂಲೆಯನ್ನೂ ತಿಕ್ಕಿ ಒರೆಸುವ ನನ್ನ ಹೆಂಡತಿ, ಚಿಲಕದ ಮೇಲಿನ ಆ ಎರಡು ಚುಕ್ಕಿಗಳನ್ನು ಮಾತ್ರ ಬಿಟ್ಟು ಒರೆಸುತ್ತಾಳೆ.