ಮೌನಿ ಉಜ್ಜಿದ ಗೆರೆಗಳು

"ಮೇಡಂ, ಈ ದಾರಿ ಸರಿಯಿಲ್ಲ. ಪಕ್ಕದಲ್ಲಿ ಗೆರೆ ಬೀಳುತ್ತೆ."

ಅಷ್ಟೂ ಜನ ತಿರುಗಿ ನೋಡಿದರು!

ಕೆಲಸಕ್ಕೆ ಸೇರಿ ಅವಳಿಗೆ ಅದು ಮೂರನೇ ದಿನ. ಹೆಲ್ಮೆಟ್ಟಿನ ಅಚ್ಚು ಕೊರೆಯಲು ಮಿಲ್ಲಿಂಗ್ ಮೆಷಿನ್ನಿನ ಟೂಲ್ ಯಾವ ದಾರಿಯಲ್ಲಿ ಓಡಬೇಕೆಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ಪ್ರೋಗ್ರಾಂ ಮಾಡಿಕೊಡುವುದು ಅವಳ ಕೆಲಸ. ಮೆಷಿನ್ ಓಡಿಸುವುದು ಅವನದು. ಮಾತು ಕಡಿಮೆಯೆಂದು ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಆ ಮೌನಿ ಬಾಯಿ ಬಿಟ್ಟಿದ್ದು ಇವತ್ತೇ ಆಗಬೇಕಿತ್ತೇ!

ಅವಳ ಕಣ್ಣಲ್ಲಿ ನೀರು ತುಂಬಿತು. ಮಾತು ಮಾತ್ರ ಖಾರವಾಗಿಯೇ ಬಂತು.

"ದಾರಿ ಹಾಕೋದು ನನ್ನ ಕೆಲಸ. ನೀವು ನಿಮ್ಮ ಮೆಷಿನ್ ನೋಡ್ಕೊಳ್ಳಿ!"

"ಆಯ್ತು ಮೇಡಂ..."

ಆಮೇಲೆ ಅವನು ಆ ಮಾತೇ ಎತ್ತಲಿಲ್ಲ. ಅಚ್ಚುಗಳು ಕನ್ನಡಿಯಂತೆ ಹೊಳೆಯುತ್ತಾ ಬಂದವು. 'ನನ್ನ ದಾರಿ ಸರಿಯಾಗೇ ಇತ್ತು' ಎಂದು ಮೇಲಿನ ಕೋಣೆಯಲ್ಲಿ ಕೂತು ಬೀಗಿದಳು. ಬೀಗುತ್ತಲೇ, ಟೀ ಹೊತ್ತಿನಲ್ಲಿ ಅವನೆಲ್ಲಿದ್ದಾನೆಂದು ಕಣ್ಣು ಹುಡುಕುವುದೂ ಶುರುವಾಯಿತು. ಎರಡು ತಿಂಗಳಲ್ಲಿ ಮೌನಿ ಅವಳೊಬ್ಬಳ ಜೊತೆ ಹರಟುವಷ್ಟಾದ.

ಒಂದು ದಿನ ಕಾರ್ಖಾನೆಯ ಯಜಮಾನರು ಕೇಳಿದರು. "ಆರು ಗಂಟೆ ಕೆಲಸಕ್ಕೆ ಎರಡು ದಿನ ಯಾಕಮ್ಮ?"

"ಪ್ರೋಗ್ರಾಂ ಆರೇ ಗಂಟೆ ಸರ್. ಅವರೇ ಸ್ವಲ್ಪ... ನಿಧಾನ."

ಮರುದಿನವೇ ಮೌನಿಯನ್ನು ಮೂಲೆಯ ಹಳೇ ಡ್ರಿಲ್ಲಿಂಗ್ ಮೆಷಿನ್ನಿಗೆ ಹಾಕಿದರು. ಅವನು ಅವಳತ್ತ ಒಮ್ಮೆ ನೋಡಿದ, ಅಷ್ಟೇ.

ಮೌನಿಯ ಸಹಾಯಕನಾಗಿದ್ದ ಹುಡುಗ ಈಗ ಆಪರೇಟರ್. ಅವನು ತೆಗೆದ ಮೊದಲ ಅಚ್ಚು ನೋಡಲು ಅವಳು ಕೆಳಗಿಳಿದಳು. ನೆತ್ತಿ ನುಣುಪು. ಪಕ್ಕಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ!

"ಇದನ್ನ ಮೌನಿ ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು, ಮಾರನೇ ದಿನವೆಲ್ಲಾ ಕೈಯಲ್ಲೇ ಉಜ್ತಿದ್ದ ಮೇಡಂ. ಯಾರಿಗೂ ಹೇಳ್ಬೇಡ ಅಂದಿದ್ದ. ನನ್ನ ಕೈಲಿ ಆಗಲ್ಲಪ್ಪ!" ಹುಡುಗ ಗೊಣಗಿದ.

ಮೇಲೆ ಓಡಿದಳು. ಪರದೆಯಲ್ಲಿ ಅಚ್ಚನ್ನು ಪಕ್ಕಕ್ಕೆ ತಿರುಗಿಸಿದಳು. ಮೇಲಿನಿಂದ ನೋಡಿದರೆ ಅವಳು ಎಳೆದ ಗೆರೆಗಳೆಲ್ಲ ಒಂದೇ ಅಂತರ. ಆದರೆ ಕಡಿದಾದ ಇಳಿಜಾರಿನಲ್ಲಿ ಒಂದಕ್ಕೊಂದು ಎಷ್ಟೋ ದೂರ! ಅವಳು ಒಮ್ಮೆಯೂ ಪಕ್ಕದಿಂದ ನೋಡಿರಲಿಲ್ಲ.

"ಇದೇನಮ್ಮ, ಅಚ್ಚು ಹೀಗಾಗಿದೆ?" ಬಾಗಿಲಲ್ಲಿ ಯಜಮಾನರು!

"ಟೂಲ್... ಸವೆದಿರಬೇಕು ಸರ್."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆಡಿದ ಮಾತಿಗೆ ಅವಳಿಗೇ ಹೇಸಿಗೆಯಾಯಿತು.

"ಹಾಗಿದ್ರೆ ಮೌನೀನೇ ಟೂಲ್ ಹಾಳು ಮಾಡಿಟ್ಟು ಹೋಗಿದ್ದಾನೆ. ನಾಳೆಯಿಂದ ಅವನು ಬರೋದೇ ಬೇಡ!"

ಮಧ್ಯಾಹ್ನ ಅಕ್ಕ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದಳು. 'ಅವನ ಅನ್ನಕ್ಕೆ ಕಲ್ಲು ಹಾಕಿ ನಾನು ಊಟಕ್ಕೆ ಕೂತಿದ್ದೀನಾ... ಛೀ!'

ಡಬ್ಬಿ ಮುಚ್ಚಿ ಕೆಳಗಿಳಿದಳು. ಯಜಮಾನರೂ ಸೇರಿ ಎಲ್ಲರೂ ಅಲ್ಲೇ ಇದ್ದರು, ಮೌನಿಯೂ.

"ಸರ್, ಟೂಲ್ ಸವೆದಿಲ್ಲ. ನಾನು ಸುಳ್ಳು ಹೇಳ್ದೆ! ತಪ್ಪು ನನ್ನ ಪ್ರೋಗ್ರಾಮಿಂದು. ಇವರು ಮೂರನೇ ದಿನವೇ ಹೇಳಿದ್ರು, ನಾನು ಕೇಳ್ಲಿಲ್ಲ. ಎರಡು ತಿಂಗಳು ನನ್ನ ತಪ್ಪನ್ನ ಇವರು ಉಜ್ಜಿ ಅಳಿಸಿದ್ರು. ನಾನೋ, ಇವರೇ ನಿಧಾನ ಅಂತ ದೂರು ಕೊಟ್ಟೆ..."

ತಲೆ ಎತ್ತಲಾಗಲಿಲ್ಲ. ಯಜಮಾನರು ಅಚ್ಚಿನ ಪಕ್ಕದ ಗೆರೆಗಳ ಮೇಲೆ ಬೆರಳಾಡಿಸಿ ನೋಡಿದರು.

"ಹೊಸ ದಾರಿ ಹಾಕಮ್ಮ," ಎಂದರು ಯಜಮಾನರು ಕೊನೆಗೆ. "ಏಯ್ ಮೌನಿ, ನಿನ್ನ ಮೆಷಿನ್ನಿಗೆ ನಡಿ."

ಜನ ಚದುರಿದರು. ಅವನು ಹತ್ತಿರ ಬಂದ.

"ಯಾಕೆ ಹೇಳ್ಲಿಲ್ಲ ನಂಗೆ?" ಅವಳ ದನಿ ಒಡೆಯಿತು.

"ಒಂದ್ಸಲ ಹೇಳಿದ್ದಕ್ಕೇ ನಿಮ್ಮ ಕಣ್ಣಲ್ಲಿ ನೀರು ಬಂತು. ಅಷ್ಟು ಜನರ ಮುಂದೆ ಹೇಳಿದ್ನಲ್ಲ ಅಂತ ನಂಗೇ ನಾಚಿಕೆಯಾಯ್ತು. ಮತ್ತೆ ಹೇಳೋಕೆ ಬಾಯಿ ಬರ್ಲಿಲ್ಲ."

"ಇವತ್ತೊಂದು ಒಪ್ಕೊಂಡೆ. ಇನ್ನೂ ಒಂದು ಬಾಕಿ ಇದೆ..." ಅವಳು ಸೆರಗಿನ ತುದಿ ಹಿಂಡಿದಳು. "ನೀವು ಆ ಮೂಲೆಗೆ ಹೋದ್ಮೇಲೆ ನಂಗೆ ಟೀ ಕೂಡ ಸೇರ್ತಿಲ್ಲ."

ಮೌನಿ ನಕ್ಕುಬಿಟ್ಟ. "ಅದನ್ನೂ ಎಲ್ಲರ ಮುಂದೆ ಹೇಳ್ತೀರಾ?"

"ಇಲ್ಲಪ್ಪ... ಅದು ನಿಮಗೊಬ್ರಿಗೇ!"